ಕಸ್ತೂರೆವ್ವನ ಶೆಡ್ಡಿನ ಹಳದಿ ನೀರು

ನನ್ನ ನೆಗೆಣ್ಣಿ ಕಸ್ತೂರೆವ್ವನದು ಮಾತು ಕಡಿಮೆ, ಕೆಲಸ ಜಾಸ್ತಿ. ನಾನು ಅದಕ್ಕೆ ಪೂರ್ತಿ ಉಲ್ಟಾ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವಿಬ್ಬರು. ಆಕೆ ಹಿರಿಯ ಮಗ ರಾಮಪ್ಪನ ಹೆಂಡತಿ, ನಾನು ಕಿರಿಯವ ಅರ್ಜುನಪ್ಪನ ಹೆಂಡತಿ. ಉಣಕಲ್ಲಿನಲ್ಲಿ ಒಂದೇ ಸೂರು, ಒಂದೇ ಒಲೆ. ಬೆಳಗಾದರೆ ನಾನು ಬಸ್ಸು ಹಿಡಿದು ಧಾರವಾಡದ ಮಾಳಮಡ್ಡಿಯ ಸಾಲೆಗೆ ಕಲಿಸಲು ಹೋಗುತ್ತಿದ್ದೆ, ಆಕೆ ಮನೆಯ ಹಿಂದಿನ ಕೋಳಿ ಶೆಡ್ಡಿಗೆ ಹೋಗುತ್ತಿದ್ದಳು. ಸಂಜೆ ಒಬ್ಬಳ ಸೆರಗಿಗೆ ಸೀಮೆಸುಣ್ಣದ ಪುಡಿ, ಇನ್ನೊಬ್ಬಳ ಸೆರಗಿಗೆ ಕೋಳಿ ಹಿಕ್ಕೆ. ಜಗಳ ಆಡದ ದಿನಗಳು ಕಡಿಮೆಯೇ. ಆದರೆ ಹೊರಗಿನವರು ಯಾರಾದರೂ ಆಕೆಯ ಬಗ್ಗೆ ಹಗುರವಾಗಿ ಒಂದು ಮಾತಾಡಲಿ ನೋಡೋಣ, ನನಗೆ ಮೈಯೆಲ್ಲ ಉರಿಯುತ್ತದೆ. ಆಕೆಯನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ.

ಕಸ್ತೂರೆವ್ವ ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾದ ಹೊಸದರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಧಾರವಾಡ ರಸ್ತೆಯ ಒಬ್ಬ ಸಾಹುಕಾರರ ಕೋಳಿ ಫಾರ್ಮಿಗೆ ಕೂಲಿ ಹೋಗುತ್ತಿದ್ದಳು. ಆಹಾರದ ಚೀಲ ಹೊರುವುದು, ಹಿಕ್ಕೆ ಬಳಿಯುವುದು, ಸತ್ತ ಕೋಳಿ ಹೂಳುವುದು. ಹಿಕ್ಕೆ ಬಳಿಯಲು ಆಕೆ ಬೇಕು, ಬಾವಿಯ ಹಗ್ಗ ಮುಟ್ಟಲು ಮಾತ್ರ ಬೇಡ. ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡು ದುಡಿದವಳು ಒಂದು ದಿನ ಮನೆಗೆ ಬಂದು ತಲೆಯ ಸಿಂಬಿಯನ್ನು ಮೂಲೆಗೆ ಒಗೆದಳು. "ನಾನ ಒಂದ ಶೆಡ್ ಹಾಕ್ತೇನಿ. ನಮ್ಮ ಬಾವಿ ನೀರ ನಮ್ಮ ಕೋಳಿಗೆ ಕುಡಸ್ತೇನಿ," ಎಂದಳು. ನಮ್ಮ ಮಾವ ಬಿಟ್ಟು ಹೋದ ಹಿತ್ತಲಿನ ತುಂಡು ಭೂಮಿ ಇತ್ತು, ಅದರಲ್ಲೊಂದು ಬಾವಿ ಇತ್ತು. ಗಂಡನನ್ನು ಎಬ್ಬಿಸಿ, ಕೈಯಲ್ಲಿದ್ದ ಬಳೆ ಮಾರಿ, ಕಲ್ಲು ತಾನೇ ಹೊತ್ತು, ಶೆಡ್ಡು ಎಬ್ಬಿಸಿಯೇ ಬಿಟ್ಟಳು.

ನನ್ನ ಗಂಡ ಅರ್ಜುನಪ್ಪ ಸರ್ಕಾರಿ ಕಚೇರಿಯ ಗುಮಾಸ್ತ. ಹುಬ್ಬಳ್ಳಿ ಆಗಲೇ ಉಣಕಲ್ಲನ್ನು ನುಂಗುತ್ತ ಬಂದಿತ್ತು, ಸುತ್ತಲಿನ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದವು. ನಮ್ಮದನ್ನೂ ಹಾಗೇ ಮಾಡೋಣ ಎಂದು ಅವನ ವಾದ. ಅಣ್ಣ ತಮ್ಮ ಕೂತು ಕೊನೆಗೆ ಒಂದು ಮಾತಿಗೆ ಬಂದರು. ಶೆಡ್ಡು ನಡೆಯುವವರೆಗೆ ನಡೆಯಲಿ, ಅದು ನಿಂತ ದಿನ ಜಾಗ ಪ್ಲಾಟು ಮಾಡೋದು. ಸುಳ್ಳೇಕೆ ಹೇಳಲಿ, ನನಗೂ ಆ ಜಾಗದಲ್ಲಿ ಕೋಳಿ ವಾಸನೆಯಿಲ್ಲದ ಒಂದು ಆರ್‌ಸಿಸಿ ಮನೆ ಕಾಣುತ್ತಿತ್ತು.

ಮರಿ ತಂದು ಬಿಡುತ್ತಿದ್ದವನು ಹುಬ್ಬಳ್ಳಿಯ ಕೋಳಿ ವ್ಯಾಪಾರಿ ಶಾಬುದ್ದೀನ. ಮರಿ ಅವನದು, ಆಹಾರ ಅವನದು, ಸಾಕುವುದು ಇವರದು. ಬೆಳೆದ ಮೇಲೆ ಅವನೇ ಗಾಡಿ ತಂದು ಒಯ್ಯುತ್ತಿದ್ದ. ಆಗ ಎಲ್ಲ ಶೆಡ್ಡುಗಳಲ್ಲೂ ಒಂದೇ ಪದ್ಧತಿ. ಮರಿ ಇಳಿದ ದಿನದಿಂದ ನೀರಿಗೆ ಒಂದು ಚಿಟಿಕೆ ಹಳದಿ ಪುಡಿ. ಅದು ಆ್ಯಂಟಿಬಯೋಟಿಕ್ ಔಷಧ. ರೋಗ ಇದ್ದರೂ ಹಾಕು, ಇಲ್ಲದಿದ್ದರೂ ಹಾಕು, ಕೋಳಿ ಲಗೂ ಮೈ ತುಂಬುತ್ತದೆ ಎಂದು ಅಂಗಡಿಯವರು ಕೊಡುತ್ತಿದ್ದರು, ಇವರು ಹಾಕುತ್ತಿದ್ದರು. ಕೋಳಿ ನೀರು ಕುಡಿಯುವ ಪ್ಲಾಸ್ಟಿಕ್ ತಟ್ಟೆಗೆ ಇವರು ಡ್ರಿಂಕರ್ ಎನ್ನುತ್ತಾರೆ. ಅದರ ತಳದಲ್ಲಿ ಯಾವಾಗಲೂ ಹಳದಿ ಪುಡಿ ಕೂತಿರುತ್ತಿತ್ತು, ಕಸ್ತೂರೆವ್ವನ ಉಗುರಿನ ಸಂದಿಯಲ್ಲೂ.

ಕೆಲವು ವರ್ಷ ಎಲ್ಲ ಛಲೋ ನಡೆಯಿತು. ಆಮೇಲೆ ಪುಡಿ ಹತ್ತದೆ ಹೋಯಿತು. ಒಂದು ಚಿಟಿಕೆಯ ಜಾಗದಲ್ಲಿ ಎರಡು, ಎರಡರ ಜಾಗದಲ್ಲಿ ಒಂದು ಹಿಡಿ. ಆದರೂ ಕೋಳಿಗಳು ನೀರು ನೀರು ಹಿಕ್ಕುತ್ತ, ರೆಕ್ಕೆ ಇಳಿಬಿಟ್ಟು ಕೂತಲ್ಲೇ ಸಾಯತೊಡಗಿದವು. ಎರಡು ಸಾವಿರದ ಮೂರರಲ್ಲಿ ಒಂದರ ಹಿಂದೆ ಒಂದು ಎರಡು ಬ್ಯಾಚು ಕೆಟ್ಟು ಹೋದವು. ಹೂಳಿ ಹೂಳಿ ಹಿತ್ತಲಿನ ಮೂಲೆಯಲ್ಲಿ ನೆಲವೇ ಎದ್ದು ನಿಂತಿತು.

ದನದ ದವಾಖಾನೆಯ ದುರಗಪ್ಪ ಡಾಕ್ಟರ್ ಬಂದರು. ಬಾವಿಯ ಹತ್ತಿರದ ಕಲ್ಲಿನ ಮೇಲೆ ಸತ್ತ ಕೋಳಿಯೊಂದನ್ನು ಕೊಯ್ದು ನೋಡಿ ಕೈ ತೊಳೆದುಕೊಂಡರು.

"ಈ ಪುಡಿ ಯಾವಾಗಿಂದ ಹಾಕಾಕತ್ತೀರಿ?"

"ಶೆಡ್ ಹಾಕಿದಾಗಿಂದ ರಿ," ಅಂದಳು ಕಸ್ತೂರೆವ್ವ.

"ಮತ್ತ ಕ್ರಿಮಿ ಸುಮ್ನ ಇರ್ತಾವೇನು? ಈ ಔಷಧಕ್ಕ ಅವು ಪಳಗಿ ಹೋಗ್ಯಾವು. ಸಾಯೂವನ್ನ ಕೊಂದೀರಿ, ಸಾಯದವನ್ನ ಸಾಕೀರಿ. ಹೊಟ್ಟ್ಯಾಗ ಒಳ್ಳೆ ಕ್ರಿಮಿನೂ ಇರ್ತಾವ ನೋಡ್ರಿ, ಅವನ್ನೂ ಕೊಂದೀರಿ." ಚೀಲದಿಂದ ಒಂದು ಬಿಳಿ ಪುಡಿಯ ಪಾಕೀಟು ತೆಗೆದರು. "ಇದಕ್ಕ ಪ್ರೋಬಯೋಟಿಕ್ ಅಂತಾರ. ಇದರಾಗ ಇರೂವು ಜೀವಂತ ಕ್ರಿಮಿ. ಮಸರಿನ್ಯಾಗ ಇರ್ತಾವಲ್ಲ, ಆ ಜಾತಿವು. ಮರಿ ಬಂದ ದಿನದಿಂದ ನೀರಾಗ ಕೊಡ್ರಿ. ಒಳ್ಳೇವು ಮದಲ ಹೋಗಿ ಜಾಗ ಹಿಡದ್ರ ಕೆಟ್ಟವಕ್ಕ ಕುಂದರಾಕ ಜಾಗ ಸಿಗೂದಿಲ್ಲ."

"ಬಸ್ ಕಿಟಕ್ಯಾಗ ಟಾವೆಲ್ ಒಗದು ಸೀಟ್ ಹಿಡೀತಾರಲ್ಲ, ಹಂಗ," ಎಂದೆ ನಾನು. ದಿನಾ ಬಸ್ಸಿನಲ್ಲಿ ಬಡಿದಾಡುವವಳಿಗೆ ಅದೇ ಹೊಳೆಯುವುದು.

"ಹಂಗ ಅಂತ ತಿಳೀರಿ. ಆದ್ರ ಇದೇನ ಜಾದೂ ಅಲ್ಲ. ನಳದ ನೀರಿಗೆ ಹಾಕಬ್ಯಾಡ್ರಿ, ಬ್ಲೀಚಿಂಗಿಗೆ ಇವು ಸಾಯ್ತಾವು. ಹಳದಿ ಪುಡಿ ಅಂತೂ ಇದರ ಮಗ್ಗಲಾಕೂ ಬರಬಾರದು. ಎರಡೂ ಕೂಡಿಸಿದ್ರ ಅದು ಇದನ್ನ ಕೊಲ್ತೈತಿ. ಮತ್ತ ಇನ್ನೊಂದ ಮಾತ. ಹಳದಿ ಪುಡಿ ಒಮ್ಮಿ ಶುರು ಮಾಡಿದ್ರ ನಡುವ ಬಿಡೂಹಂಗಿಲ್ಲ, ಪೂರ್ತಿ ಕೊಟ್ಟ ಮುಗಸಬೇಕು. ಅರ್ಧಕ್ಕ ಬಿಟ್ರ ಕ್ರಿಮಿ ಮತ್ತಷ್ಟ ಗಟ್ಟಿ ಆಗ್ತಾವು."

ಶಾಬುದ್ದೀನ ಒಳ್ಳೆಯ ಮನುಷ್ಯ. ಆದರೆ ಅವನೂ ಹೊಟ್ಟೆಪಾಡಿನವನು. ಬಾಗಿಲಲ್ಲೇ ನಿಂತು ಚಹಾ ಕುಡಿದು ಲೋಟ ಕೆಳಗಿಟ್ಟು ಹೇಳಿದ: "ಅಕ್ಕಾ, ನಿಮ್ಮ ಮ್ಯಾಲ ನನಗ ವಿಶ್ವಾಸ ಐತಿ. ಆದ್ರ ಧಂದೆ ಅಂದ್ರ ಧಂದೆ. ಈ ಸಲ ಮರಿ ಬಿಡ್ತೇನಿ. ಇದೂ ಕೆಟ್ಟರ ನಾ ಬ್ಯಾರೆ ಶೆಡ್ ನೋಡ್ಕೋತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ."

ಅವನ ಮರಿ ನಿಂತರೆ ಶೆಡ್ಡು ನಿಂತಿತು. ಶೆಡ್ಡು ನಿಂತರೆ ಜಾಗ ಪ್ಲಾಟು, ಕಸ್ತೂರೆವ್ವ ಮತ್ತೆ ಯಾರದೋ ಫಾರ್ಮಿನಲ್ಲಿ ಹಿಕ್ಕೆ ಬಳಿಯಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಭಾವ ರಾಮಪ್ಪ ಅಂಜುಬುರುಕ. ಎರಡು ಬ್ಯಾಚು ಹೂಳಿದ ಕೈ ಅವನದು, ಅಂಜಿಕೆ ಇರದೆ ಏನು? "ಬಿಳಿ ಪುಡಿ ಹಾಕೂಣು. ಜೋಡಿಗೆ ಒಂದ ಚಿಟಿಕಿ ಹಳದೀನೂ ಇರಲಿ. ಎರಡೂ ದೇವರಿಗೆ ಕೈ ಮುಗದ್ರ ಏನ್ ನಷ್ಟ ಆಗ್ತೈತಿ?" ಎಂದ.

"ಡಾಕ್ಟರ್ ಹೇಳಿದ್ದ ನಿಮ್ಮ ಕಿವಿಗೆ ಬೀಳಲಿಲ್ಲೇನ್ರಿ?" ಎಂದು ಕಸ್ತೂರೆವ್ವ ಉಳಿದಿದ್ದ ಅರ್ಧ ಪಾಕೀಟು ಹಳದಿ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಶೆಡ್ಡಿನ ತೊಲೆಗೆ ನೇತುಹಾಕಿದಳು. ಕೊಂಡ ವಸ್ತು, ಚೆಲ್ಲಲು ಮನಸ್ಸಾಗಲಿಲ್ಲ.

ಇನ್ನು ನಮ್ಮ ಅತ್ತೆ ಈರವ್ವ. ಆಕೆ ಹುಟ್ಟಿದಾಗಿನಿಂದ ಸವದತ್ತಿ ಯಲ್ಲಮ್ಮನ ಭಕ್ತೆ. ಆದರೆ ನನ್ನ ಗಂಡ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ದೇವರ ಜಗಲಿಯ ಮೇಲಿನ ಯಲ್ಲಮ್ಮನನ್ನು ಇಳಿಸಿ ಬುದ್ಧನನ್ನು ಕೂರಿಸಿದ್ದ. ಅವನ ಸಿಟ್ಟಿಗೆ ಕಾರಣವಿತ್ತು. ಅತ್ತೆಯ ಅಕ್ಕನಿಗೆ ಚಿಕ್ಕಂದಿನಲ್ಲೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಆಕೆ ಮದುವೆಯಿಲ್ಲದೆ, ಯಾರ ಆಸರೆಯೂ ಇಲ್ಲದೆ, ಊರವರ ಕೈಯಲ್ಲಿ ಸವೆದು ಸತ್ತದ್ದನ್ನು ಅವನು ಹುಡುಗನಿದ್ದಾಗ ಕಣ್ಣಾರೆ ಕಂಡಿದ್ದ. "ಇನ್ನೊಮ್ಮಿ ಈ ಮನ್ಯಾಗ ಆಕಿ ಹೆಸರ ಎತ್ತಿದ್ರ ನಾ ನಿನ್ನ ಮಗ ಅಲ್ಲ," ಎಂದು ತಾಯಿಗೆ ಹೇಳಿಬಿಟ್ಟಿದ್ದ. ಅತ್ತೆ ಆವತ್ತಿನಿಂದ ದೇವಿಯ ಮಾತೇ ಆಡುತ್ತಿರಲಿಲ್ಲ.

ಚಳಿಗಾಲದಲ್ಲಿ ಮರಿ ಬಂದವು. ಕಸ್ತೂರೆವ್ವ ನಳದ ನೀರನ್ನು ಹತ್ತಿರಕ್ಕೂ ಸೇರಿಸದೆ ಬಾವಿಯಿಂದ ಸೇದಿ ಸೇದಿ ಶೆಡ್ಡಿನ ಟಾಕಿ ತುಂಬಿಸಿದಳು. ಬಿಳಿ ಪುಡಿ ಕಲಸಿ ಡ್ರಿಂಕರುಗಳಿಗೆ ಹಾಕಿದಳು. ಮೊದಲ ವಾರ ಮರಿಗಳು ಹತ್ತಿಯ ಉಂಡೆಗಳ ಹಾಗೆ ಓಡಾಡಿದವು. ಎರಡನೆಯ ವಾರವೂ ಹಾಗೇ ದಾಟಿತು. ಆಕೆ ಊಟಕ್ಕೆ ಕೂತಾಗ ನಗುವುದನ್ನು ನಾನು ಆಗ ನೋಡಿದೆ. ನನಗೂ, ನೋಡ್ರಿ, ಆರ್‌ಸಿಸಿ ಮನೆ ಸ್ವಲ್ಪ ದೂರ ಸರಿದರೆ ಸರಿಯಲಿ ಅನ್ನಿಸಿತು.

ಆಮೇಲೆ ಥಂಡಿ ಹೊಡೆಯಿತು. ಕೆರೆಯ ಕಡೆಯಿಂದ ಬೀಸುವ ಗಾಳಿ ಗೋಣಿ ಪರದೆಯ ಸಂದಿಯಿಂದ ನುಗ್ಗಿತು. ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಒದ್ದೆಯಾಯಿತು. ಕೋಳಿಗಳು ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಕೂತವು. ಮತ್ತೆ ಅದೇ ನೀರು ಹಿಕ್ಕೆ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಾಲು ಮೇಲೆ ಮಾಡಿ ಬಿದ್ದವು ನಾಲ್ಕಾರು. ಡಾಕ್ಟರ್ ಬಂದು ನೋಡಿದರು. "ರೋಗ ಇನ್ನೂ ಕುಂತಿಲ್ಲ, ಥಂಡಿ ಹೊಡದೈತಿ. ಒದ್ದಿ ಹೊಟ್ಟ ತಗೀರಿ, ಸುಣ್ಣ ಹಾಕ್ರಿ, ಪರದೆ ಬಿಗೀರಿ. ಬಿಳಿ ಪುಡಿ ಬಿಡಬ್ಯಾಡ್ರಿ. ಒಂದೆರಡ ದಿನ ತಡೀರಿ," ಎಂದರು.

ತಡೆಯುವುದು! ಹೇಳುವುದು ಸುಲಭ. ರಾಮಪ್ಪ ಶೆಡ್ಡಿಗೂ ಮನೆಗೂ ಓಡಾಡಿ ಓಡಾಡಿ ನೆಲ ಸವೆಸಿದ. ತೊಲೆಯ ಕಡೆ ನೋಡುತ್ತಿದ್ದ, ಹೆಂಡತಿಯ ಕಡೆ ನೋಡುತ್ತಿದ್ದ. "ಒಂದ ಚಿಟಿಕಿ, ಕಸ್ತೂರಿ," ಎಂದು ಒಮ್ಮೆ ಅಂಗಲಾಚಿಯೂ ಬಿಟ್ಟ. ಆಕೆ ಒದ್ದೆ ಹೊಟ್ಟು ಬುಟ್ಟಿಗೆ ತುಂಬುತ್ತಲೇ ಇದ್ದಳು. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಭಾನುವಾರ ಬೆಳಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಶೆಡ್ಡಿನಿಂದ ಕಸ್ತೂರೆವ್ವನ ಕೂಗು ಕೇಳಿತು. ಜನ್ಮದಲ್ಲಿ ಆಕೆ ಹಾಗೆ ಕೂಗಿದ್ದನ್ನು ಕೇಳಿರಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ.

ಆಕೆ ಒಂದು ಡ್ರಿಂಕರನ್ನು ಎತ್ತಿ ಹಿಡಿದು ನಿಂತಿದ್ದಳು. ನೀರು ಹಳದಿ. ಪಕ್ಕದ್ದೂ ಹಳದಿ. ಆ ಸಾಲಿಗೆ ಸಾಲೇ ಹಳದಿ. ಕೋಳಿಗಳು ಕೊಕ್ಕು ಅದ್ದಿ ಅದ್ದಿ ಕುಡಿಯುತ್ತಿದ್ದವು. ಆಕೆ ಹುಚ್ಚಿಯಂತೆ ಒಂದೊಂದನ್ನೇ ಎತ್ತಿ ಹೊರಗೆ ಚೆಲ್ಲತೊಡಗಿದಳು. ನಾನೂ ಕೈ ಹಾಕಿದೆ. ಅಷ್ಟರಲ್ಲಿ ರಾಮಪ್ಪ ಬಾವಿಯಿಂದ ಕೊಡ ಹೊತ್ತುಕೊಂಡು ಬಂದ.

"ಏನ್ ಮಾಡಿದ್ರಿ ಇದು?" ಎಂದಳು ಕಸ್ತೂರೆವ್ವ.

ಅವನು ಡ್ರಿಂಕರ್ ನೋಡಿದ. ಮನೆಯ ಕಡೆ ತಿರುಗಿ ನೋಡಿದ. ಹಿತ್ತಲ ಬಾಗಿಲಲ್ಲಿ ಅತ್ತೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಿರಲಿಲ್ಲ. ಭಾವ ಕೊಡ ಇಳಿಸಿ ನೆಲ ನೋಡುತ್ತ ನಿಂತ.

"ನಾನ ಹಾಕೀನಿ," ಎಂದ.

"ಟಾಕಿಗೂ ಹಾಕೀರೇನು?"

"ಇಲ್ಲ. ಇವಕ್ಕ ಅಷ್ಟ."

"ಯಾವಾಗ?"

"ನಸಕಿನ್ಯಾಗ. ಜೀವ ತಡೀಲಿಲ್ಲ."

ಕಸ್ತೂರೆವ್ವ ಮತ್ತೆ ಕೂಗಲಿಲ್ಲ. ಕೂಗಿದವಳು ನಾನು. "ಭಾವಾರ, ನಿಮಗೇನ ಬುದ್ಧಿಗಿದ್ಧಿ ಐತೇನ್ರಿ? ಆಕಿ ಹೊಟ್ಟಿ ಕಟ್ಟಿ ಇಷ್ಟ ದಿನ ತಡಕೊಂಡಾಳ, ನೀವು ಮುಂಜಾನೆದ್ದ ಮಣ್ಣ ಹಾಕಿದ್ರಿ! ನಿಮ್ಮ ಅಂಜಿಕಿಗೆ ಬೆಂಕಿ ಹತ್ತಲಿ!" ಹಿರಿಯ ಭಾವನಿಗೆ ಹಾಗೆ ಅನ್ನಬಾರದು. ಅಂದೆ. ಅವನು ಒಂದು ಮಾತೂ ತಿರುಗಿ ಆಡಲಿಲ್ಲ, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಗದ್ದಲಕ್ಕೆ ನನ್ನ ಗಂಡ ಎದ್ದು ಬಂದ. ವಿಷಯ ತಿಳಿದು ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಎಸ್‌ಟಿಡಿ ಬೂತಿಗೆ ಓಡಿದ, ಡಾಕ್ಟರಿಗೆ ಫೋನ್ ಮಾಡಲು. ಅವನು ಬರುವವರೆಗೆ ಕಸ್ತೂರೆವ್ವ ಟಾಕಿಯ ಮುಂದಿನ ಕಲ್ಲಿನ ಮೇಲೆ ಕೂತಳು. ರಾಮಪ್ಪ ಕಂಬಕ್ಕೆ ಒರಗಿ ನಿಂತ. ನನ್ನ ಕೈಗೆ ಮೆತ್ತಿದ ಹಿಟ್ಟು ಒಣಗಿ ಬಿರಿಯಿತು.

ಅರ್ಜುನಪ್ಪ ಏದುಸಿರು ಬಿಡುತ್ತ ಬಂದ. "ಹಾಕಿದ್ದ ಖರೇ ಆದ್ರ ಬಿಳಿ ಪುಡಿ ಕೆಲಸ ಕೆಟ್ಟಂಗ, ಅಂದ್ರು. ನಡುವ ಬಿಡಬ್ಯಾಡ್ರಿ, ಶುರು ಮಾಡಿದ್ದ ಹಳದಿ ಪುಡೀನ ಕೊಡ್ಕೋತ ಹೋಗ್ರಿ. ಮಂಗಳವಾರ ಬಂದು ನೋಡ್ತೇನಿ, ಅಂದ್ರು."

"ಅದು ಈ ರೋಗಕ್ಕ ಹತ್ತೂದಿಲ್ಲಂತ ಅವರ ಹೇಳಿದ್ರಲ್ಲ?" ಎಂದಳು ಕಸ್ತೂರೆವ್ವ.

"ಅದನ್ನೂ ಕೇಳಿದ್ನಿ ವೈನಿ. ಅರ್ಧಕ್ಕ ಬಿಡೂದು ಅದಕ್ಕಿಂತ ಕೆಟ್ಟ, ಅಂದ್ರು."

ಡಾಕ್ಟರ್ ಹೇಳಿದ್ದು ಸರಿಯೇ. ಅವರಿಗೆ ತಲುಪಿದ ಸುದ್ದಿಗೆ ಅದೇ ಸರಿಯಾದ ಉತ್ತರ. ಎರಡು ಬ್ಯಾಚು ಕೊಂದ ದಾರಿಗೇ ಮತ್ತೆ ಕಾಲಿಡಬೇಕು ಎಂದು ಅದರ ಅರ್ಥ. ಕಸ್ತೂರೆವ್ವ ಎದ್ದು ಸೀರೆ ನೆರಿಗೆ ಬಿಗಿದು ಕಟ್ಟಿಕೊಂಡಳು.

"ಪಾಕೀಟ ತಗೊಂಡ ಬರ್ರಿ," ಎಂದಳು ಗಂಡನಿಗೆ.

ರಾಮಪ್ಪ ಕದಲಲಿಲ್ಲ.

"ಹಾಕಾಕ ಕೈ ಬಂದಿತ್ತಲ್ಲ, ತರಾಕ ಬರೂದಿಲ್ಲೇನ್ರಿ? ತರ್ರಿ."

ಅವನು ತೊಲೆಯ ಕೆಳಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಎಷ್ಟೋ ಹೊತ್ತು ಗಂಟು ಬಿಚ್ಚಿದ. ತಿರುಗಿ ಬಂದಾಗ ಆ ಥಂಡಿಯಲ್ಲೂ ಹಣೆಯ ಮೇಲೆ ಬೆವರು. ಮಾಡಿದ್ದು ಈಗ ತಿಳಿಯಿತು, ಅನುಭವಿಸಲಿ ಎಂದುಕೊಂಡೆ ನಾನು. ಪಾಕೀಟು ಕೊಡುವಾಗ ಅವನು ಬಾಯಿ ತೆರೆದ. ನನ್ನ ಗಂಡನ ಮುಖ ನೋಡಿ ಮತ್ತೆ ಮುಚ್ಚಿದ.

ಕಸ್ತೂರೆವ್ವ ಕಲ್ಲಿನ ಮೇಲೆ ನಿಂತು ಟಾಕಿಯ ಮುಚ್ಚಳ ಸರಿಸಿದಳು. ಒಳಗೆ ತುಂಬಿದ ಬಾವಿ ನೀರು, ಆಕೆಯೇ ಸೇದಿ ತುಂಬಿದ್ದು, ಬಿಳಿ ಪುಡಿ ಕಲಸಿದ್ದು. ಪಾಕೀಟಿನಲ್ಲಿ ಕೈ ಹಾಕಿ ಹಿಡಿ ತುಂಬ ಪುಡಿ ತೆಗೆದಳು. ಹಿಡಿ ಟಾಕಿಯ ಬಾಯಿಯ ಮೇಲೆ ನಿಂತಿತು. ಒಮ್ಮೆ ಕೋಳಿಗಳ ಕಡೆ ನೋಡಿದಳು. "ಇಷ್ಟ ದಿನ ತಡದಿದ್ನಿ," ಎಂದಳು, ಯಾರಿಗೂ ಅಲ್ಲ.

"ಕಸ್ತೂರೀ, ನಿಂದ್ರ."

ಅತ್ತೆ. ಮೊರ ಅಲ್ಲೇ ಬಿಟ್ಟು, ಮಂಡಿ ಹಿಡಿದುಕೊಂಡು, ಶೆಡ್ಡಿನೊಳಗೆ ಬಂದಳು. ನಮ್ಮ ಯಾರ ಮುಖವನ್ನೂ ನೋಡದೆ ಸಾಲಿನ ಕೊನೆಗೆ ನಡೆದಳು. ಅಲ್ಲಿ ನಾವು ಚೆಲ್ಲದೆ ಉಳಿದ ಒಂದು ಡ್ರಿಂಕರ್ ಇತ್ತು. ಎರಡೂ ಕೈಯಿಂದ ಎತ್ತಿ ಬಾಯಿಗೆ ಹಚ್ಚಿದಳು.

"ಯವ್ವಾ! ಔಷಧ ಐತಿ ಅದರಾಗ!" ಎಂದು ನನ್ನ ಗಂಡ ಓಡಿದ.

ಆಕೆ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಔಷಧ ಅಲ್ಲೋ. ಭಂಡಾರ. ಯಲ್ಲಮ್ಮನ ಭಂಡಾರ." ನಡುವಿಗೆ ಸಿಕ್ಕಿಸಿದ್ದ ಎಲೆಯಡಿಕೆಯ ಚೀಲದೊಳಗಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಅರಿಶಿನ. "ನಿನ್ನಿ ಬನದ ಹುಣ್ಣಿಮಿ, ಆಕಿ ಜಾತ್ರಿ ಇತ್ತು. ಆ ಜೀವ ಹಂಗ ಸಾಯಾಕತ್ತಾವು, ನೋಡ್ಕೋತ ಹೆಂಗ ಕುಂದರ್ಲಿ ನಾನು? ನಾನ ಹಾಕೀನಿ. ರಾಮ ಹಾಕಿಲ್ಲ. ನಾ ಶೆಡ್ಡಿನಿಂದ ಬರೂದ ನೋಡಿದ್ದ, ಅಷ್ಟ."

ನಾನು ಆ ಗಂಟು ಕಸಿದುಕೊಂಡು ಮೂಸಿ ನೋಡಿದೆ. ಅಪ್ಪಟ ಅರಿಶಿನ. ಹಿಕ್ಕೆಯ ಆ ಘಾಟಿನಲ್ಲಿ ನಮ್ಮ ಯಾರ ಮೂಗಿಗೂ ಅದು ಹತ್ತಿರಲಿಲ್ಲ. ಭಾವ ಕಂಬಕ್ಕೆ ಮುಖ ಒತ್ತಿ ನಿಂತಿದ್ದ. ತಮ್ಮನ ಬಾಯಿಂದ ತಾಯಿಯನ್ನು ಉಳಿಸಲು ಹೋಗಿ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದ. ಆ ಸುಳ್ಳು ಹೆಂಡತಿಯ ಕೈಗೆ ಖರೇ ಪುಡಿ ಕೊಡುತ್ತದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಅತ್ತ ದರಿ, ಇತ್ತ ಪುಲಿ.

ಅರ್ಜುನಪ್ಪನ ಮುಖ ಕೆಂಪಾಯಿತು. ಅತ್ತೆ ಅವನ ಮುಂದೆ ಹೋಗಿ ನಿಂತಳು.

"ನೀ ನನ್ನ ಮಗ ಅಲ್ಲ ಅಂತಿದ್ರ ಅನ್ನಪಾ. ನಮ್ಮಕ್ಕನ ಗತಿ ನಾನೂ ನೋಡೀನಿ, ನಿನಗಿಂತ ಹೆಚ್ಚ ನೋಡೀನಿ. ಆದ್ರ ನನಗ ಬ್ಯಾರೆ ಯಾರನ್ನ ಕರೀಬೇಕಂತ ಗೊತ್ತಿಲ್ಲ. ಕಸ್ತೂರಿ ಶೆಡ್ ಹಾಳ ಮಾಡಿ ನಾ ಯಾವ ಮಗನ್ನ ಉಳಿಸ್ಕೊಳ್ಳಲಿ?"

ಕಸ್ತೂರೆವ್ವ ಆಗಲೇ ಹಿಡಿಯಲ್ಲಿದ್ದ ಪುಡಿಯನ್ನು ಪಾಕೀಟಿಗೆ ಉದುರಿಸಿ, ಕೈಯನ್ನು ಸೀರೆಗೆ ಒರೆಸಿ, ಟಾಕಿಯ ಮುಚ್ಚಳ ಮುಚ್ಚಿದ್ದಳು. "ಅರ್ಜುನಪ್ಪಾ, ಇನ್ನೊಮ್ಮಿ ಫೋನ್ ಹಚ್ಚು. ಅರಿಷಿಣ ಬಿದ್ರ ಬಿಳಿ ಪುಡಿಗೆ ಏನರ ಆಗ್ತೈತೇನು ಕೇಳು," ಎಂದಳು. ಆಕೆಗೆ ಆಗ ಬೇಕಾಗಿದ್ದದ್ದು ಅದೊಂದೇ.

ಅವನು ಹೋಗಿ ಕೇಳಿ ಬಂದ. ಅಷ್ಟು ಅರಿಶಿನಕ್ಕೆ ಏನೂ ಆಗುವುದಿಲ್ಲ, ನೀರು ಬದಲಿಸಿ ಮತ್ತೆ ಬಿಳಿ ಪುಡಿ ಕೊಡಿ ಎಂದು ಡಾಕ್ಟರ್ ಹೇಳಿದರಂತೆ. ಹೇಳಿ ನಕ್ಕರಂತೆ. ಅರ್ಜುನಪ್ಪ ನಗಲಿಲ್ಲ. ಆ ಸಂಜೆ ಅವನು ಕಟ್ಟೆಯ ಮೇಲೆ ತಾಯಿಯ ಹತ್ತಿರ ಹೋಗಿ ಕೂತ. ಜಗಲಿಯ ಮೇಲೆ ಬುದ್ಧ ಹಾಗೇ ಉಳಿದ, ಆದರೆ ಅತ್ತೆಯ ಎಲೆಯಡಿಕೆ ಚೀಲದಲ್ಲಿ ಏನಿದೆ ಎಂದು ಅವನು ಮತ್ತೆಂದೂ ಕೇಳಲಿಲ್ಲ.

ನಾವೆಲ್ಲ ಸೇರಿ ಒದ್ದೆ ಹೊಟ್ಟು ಹೊರಗೆ ಹಾಕಿದೆವು. ನಾನೂ, ಹೌದು, ಮೂಗಿಗೆ ಸೆರಗು ಕಟ್ಟಿಕೊಂಡು. ಸುಣ್ಣ ಚೆಲ್ಲಿ ಒಣ ಹೊಟ್ಟು ಹಾಸಿದೆವು. ರಾಮಪ್ಪ ಗೋಣಿ ಪರದೆಗಳನ್ನು ಎರಡೆರಡು ಪದರು ಮಾಡಿ ಬಿಗಿದ. ಕೋಳಿ ಸಾಯುವುದು ಒಮ್ಮೆಗೇ ನಿಲ್ಲಲಿಲ್ಲ. ದಿನಾ ಬೆಳಗ್ಗೆ ಕಸ್ತೂರೆವ್ವ ಬಾಗಿಲು ತೆಗೆಯುವಾಗ ನಾವು ಹಿಂದೆ ನಿಂತು ಆಕೆಯ ಬೆನ್ನು ನೋಡುತ್ತಿದ್ದೆವು. ಬೆನ್ನು ಬಗ್ಗಿದರೆ ಸತ್ತದ್ದನ್ನು ಎತ್ತುತ್ತಿದ್ದಾಳೆ ಎಂದು. ದಿನ ಕಳೆದ ಹಾಗೆ ಬಗ್ಗುವುದು ಕಡಿಮೆಯಾಯಿತು. ಒಂದು ಬೆಳಗ್ಗೆ ಬಗ್ಗಲೇ ಇಲ್ಲ, ನೆಟ್ಟಗೆ ಒಳಗೆ ನಡೆದಳು.

ಶಾಬುದ್ದೀನ ಗಾಡಿ ತಂದ ದಿನ ಒಂದು ಕೋಳಿಯ ಕಾಲು ಹಿಡಿದು ಎತ್ತಿ ಎದೆ ಒತ್ತಿ ನೋಡಿದ. ಇನ್ನೊಂದನ್ನು ನೋಡಿದ. "ಅಕ್ಕಾ, ಶೆಡ್ ತೊಳದ ಸುಣ್ಣ ಬಡೀರಿ. ಮರಿ ಕಳಸ್ತೇನಿ," ಎಂದ. ನನ್ನ ಆರ್‌ಸಿಸಿ ಮನೆ ಅಲ್ಲಿಗೆ ಮುಗಿಯಿತು. ಎಂಥಾ ಹುಚ್ಚಿ ನಾನು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ.

ಕಸ್ತೂರೆವ್ವ ಆವತ್ತೂ ಹೆಚ್ಚು ಮಾತಾಡಲಿಲ್ಲ. ಆ ಭಾನುವಾರದಿಂದ ಗಂಡನ ಜೊತೆ ಬೇಕಾದಷ್ಟೇ ಮಾತು, "ಕೊಡ ತರ್ರಿ," "ಊಟಕ್ಕ ಬರ್ರಿ." ಅವನು ಹಿಂದೆ ಹಿಂದೆ ಸುತ್ತುತ್ತಿದ್ದ. ಗಾಡಿ ಹೋದ ಮೇಲೆ ಇಬ್ಬರೂ ಬಾವಿಯ ಹತ್ತಿರ ಡ್ರಿಂಕರುಗಳನ್ನು ತೊಳೆಯಲು ಕೂತರು. ನಾನು ಕಟ್ಟೆಯ ಮೇಲೆ ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಿದ್ದೆ.

"ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ," ಎಂದಳು ಆಕೆ. "ಅವತ್ತ ಅತ್ತಿ ಎದ್ದ ಬರದಿದ್ರ, ನೀವು ನನ್ನ ಕೈ ಹಿಡದ ತಡೀತಿದ್ರೇನು?"

ರಾಮಪ್ಪ ತೊಳೆಯುವುದನ್ನು ನಿಲ್ಲಿಸಿದ. ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ.

"ಇಲ್ಲ ಅನಸ್ತೈತಿ," ಎಂದ. "ಅರ್ಜುನ ಅಲ್ಲೇ ನಿಂತಿದ್ದ. ಯವ್ವನ್ನ ಏನಂತಾನೋ ಅಂತ ಬಾಯಿ ಏಳಲಿಲ್ಲ."

ನನ್ನ ಕೈಯಲ್ಲಿದ್ದ ಪೆನ್ನನ್ನು ಅವನ ತಲೆಗೆ ಒಗೆಯಬೇಕು ಅನ್ನಿಸಿತು. ಕಸ್ತೂರೆವ್ವ ತೊಳೆಯುತ್ತಲೇ ಇದ್ದಳು.

"ಅರ್ಜುನಪ್ಪಗ ಹೇಳೂದ ಬ್ಯಾಡಿತ್ತು, ಊರಿಗೆ ಹೇಳೂದ ಬ್ಯಾಡಿತ್ತು. ನನಗ್ಯಾಕ ಹೇಳಲಿಲ್ಲ?" ಆಕೆಯ ದನಿ ಅಲ್ಲಿಗೆ ಒಡೆಯಿತು. "ಒಮ್ಮಿ ಮಗ್ಗಲಾಕ ಬಂದು ನನ್ನ ಕಿವ್ಯಾಗ ಅಂದಿದ್ರ ಸಾಕಿತ್ತಲ್ಲ. ನಾನೇನ ಅತ್ತೀನ ಹಿಡದ ಕೊಡತಿದ್ನೇನು? ನಾನೂ ನಿಮ್ಮ ಜೋಡಿ ನಿಂತ ಅದ ಸುಳ್ಳ ಹೇಳತಿದ್ನಿ. ಇಷ್ಟ ವರ್ಷ ಆತು, ಆಕಿ ನನಗೂ ಅವ್ವನ ಅಲ್ಲೇನ್ರಿ?"

ರಾಮಪ್ಪ ಹೆಂಡತಿಯ ಮುಖ ನೋಡಿದ. ಇದು ಅವನಿಗೆ ಹೊಳೆದೇ ಇರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಎರಡು ಬ್ಯಾಚು ಹೂಳಿದಾಗ ಅಳದವಳು, ಟಾಕಿಯ ಮೇಲೆ ಕೈ ಹಿಡಿದು ನಿಂತಾಗ ಅಳದವಳು, ಶೆಡ್ಡು ಉಳಿದ ಆ ದಿನ ತೊಳೆದ ಡ್ರಿಂಕರುಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಪೇಪರು ಕೆಳಗಿಟ್ಟು ಹೋಗಿ ಆಕೆಯ ಪಕ್ಕ ಕೂತೆ.